ಸಿಲ್ವರ್ ಮರ ಕಡಿಯುವಾಗ ಜೆಸಿಬಿಯಿಂದ ತಳ್ಳಿಸಬಹುದಾ?

ತೋಟದಲ್ಲಿ ನೆರಳಿಗೆ ಬೆಳೆಸಿದ ಮೂರು ಸಿಲ್ವರ್ ಓಕ್ ಮರ ವಾಲಿವೆ, ಕಾಫಿ ಗಿಡ ಉಳಿಸಿ ಬೀಳಿಸಬೇಕು, ಜೆಸಿಬಿಯಿಂದ ತಳ್ಳಿಸಲೇ ಅಂತ ಕೇಳಿದ್ದೀರಿ. ನೀವು ಕೇಳಿ ಮಾಡಲು ಹೊರಟಿದ್ದೀರಿ. ನಾನು ಯಾರನ್ನೂ ಕೇಳದೆ ಮಾಡಿದ್ದೆ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತಳ್ಳಿಸಬೇಡಿ. ಜೆಸಿಬಿಯಲ್ಲೂ ಬೇಡ, ನೀವು ವಿಡಿಯೋದಲ್ಲಿ ನೋಡಿದ ಅಮೆರಿಕದ ಸ್ಕಿಡ್ಡರನ್ನೇ, ಅಂದರೆ ದಿಮ್ಮಿ ಎಳೆಯುವ ಗಾಡಿಯನ್ನೇ, ಯಾರಾದರೂ ಸಕಲೇಶಪುರಕ್ಕೆ ತಂದು ನಿಲ್ಲಿಸಿದರೂ ಬೇಡ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ, ರೊಬಸ್ಟಾ ತಳಿ. ಕೊಯ್ಲು ಮುಗಿದಿತ್ತು, ಕಾಫಿ ಹೂ ಬಿಡಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ಹಳೇ ಸಿಲ್ವರ್ ಮರಗಳನ್ನು ತೆಗೆಸುತ್ತಿದ್ದೆವು. ನೆಟ್ಟಗಿದ್ದವೆಲ್ಲ ಗರಗಸ, ಬೆಣೆಯಲ್ಲೇ ಸಲೀಸಾಗಿ ಬಿದ್ದವು. ಕಣದ ಪಕ್ಕದ ಒಂದು ಮರ ಮಾತ್ರ ಉಳಿಯಿತು. ಅದು ಗೋಡೌನ್ ಕಡೆಗೆ ವಾಲಿತ್ತು. ಎಡಕ್ಕೆ ಕರೆಂಟ್ ಲೈನು. ಬೀಳಿಸಬೇಕಾದದ್ದು ಗೋಡೌನಿಗೆ ಬೆನ್ನು ಹಾಕಿ ಎದುರಿಗೆ, ಹೊಸದಾಗಿ ಗಿಡ ಹಾಕಲು ಖಾಲಿ ಬಿಟ್ಟಿದ್ದ ಜಾಗಕ್ಕೆ. ನಿಮ್ಮ ಮೂರು ಮರಗಳ ಕಥೆಯೂ ಹೆಚ್ಚು ಕಮ್ಮಿ ಇದೇ ಅಲ್ವಾ? ವಾಲಿರುವುದು ಒಂದು ಕಡೆ, ಬೀಳಬೇಕಾದದ್ದು ಇನ್ನೊಂದು ಕಡೆ, ಕೆರೆ ಹೂಳೆತ್ತಲು ಜೆಸಿಬಿ ಹೇಗೂ ಬರುತ್ತಿದೆ.

ನಮ್ಮಲ್ಲೂ ಜೆಸಿಬಿ ಕೆರೆ ಕೆಲಸಕ್ಕೇ ಬಂದಿತ್ತು. ಮರ ಕಡಿಯುವ ಮೇಸ್ತ್ರಿ, "ಗೌಡ್ರೆ, ಇದು ಹಗ್ಗ ಕಟ್ಟಿ ಎಳೆಯೋ ಮರ. ನಾಳೆ ಉದ್ದದ ಹಗ್ಗ ತರ್ತೀನಿ" ಅಂದರು. ಜೆಸಿಬಿ ಹುಡುಗ, "ನಾನು ಒತ್ತಿ ಹಿಡ್ಕೋತೀನಿ ಬಿಡಿ, ನೀವು ಕೊಯ್ಯಿರಿ" ಅಂದ. ಗಂಟೆ ಲೆಕ್ಕದ ಬಾಡಿಗೆ ಓಡುತ್ತಿತ್ತು. ನಾನು ಹುಡುಗನ ಮಾತು ಹಿಡಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಲ್ಲ ಇರುವುದು ಇಲ್ಲೇ.

ಮರ ಯಾವ ಕಡೆ ಬೀಳಬೇಕೋ ಆ ಕಡೆ ಬುಡದಲ್ಲಿ ಕಚ್ಚು ತೆಗೆಯುತ್ತಾರೆ, ದಪ್ಪದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು. ಆಮೇಲೆ ಹಿಂದಿನಿಂದ ಕೊಯ್ಯುತ್ತಾ ಬರುತ್ತಾರೆ. ಎರಡೂ ಕೊಯ್ತ ಸೇರಬಾರದು. ನಡುವೆ ಒಂದು ಪಟ್ಟಿ ಉಳಿಸಬೇಕು, ಬಾಗಿಲಿಗೆ ತಿರುಗಣಿ ಇದ್ದ ಹಾಗೆ. ಮರದ ದಪ್ಪದಲ್ಲಿ ಸುಮಾರು ಹತ್ತನೇ ಒಂದು ಭಾಗ. 20 ಇಂಚಿನ ಬುಡಕ್ಕೆ 2 ಇಂಚು. ಮರ ಬೀಳುವಾಗ ಈ ಪಟ್ಟಿ ನಿಧಾನಕ್ಕೆ ಬಾಗಿ, ಕೊನೆಗೆ ಕಿತ್ತುಕೊಳ್ಳುತ್ತದೆ. ಅಲ್ಲಿಯವರೆಗೆ ಮರವನ್ನು ದಾರಿಯಲ್ಲಿ ಇಡುವುದು ಅದೊಂದೇ. ಪಟ್ಟಿ ಎರಡೂ ತುದಿಯಲ್ಲಿ ಒಂದೇ ದಪ್ಪ ಇರಬೇಕು. ಒಂದು ಕಡೆ ತೆಳುವಾದರೆ ಮರ ದಪ್ಪ ಇರುವ ಕಡೆಗೆ ಎಳೆದುಕೊಳ್ಳುತ್ತದೆ.

ಇದೆಲ್ಲ ಮೇಸ್ತ್ರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ತಪ್ಪಿದ್ದು ಹೇಗೆ?

ಮಾಮೂಲಿಯಾಗಿ ಕೊಯ್ಯುವವನಿಗೆ ಮರವೇ ಸುಳಿವು ಕೊಡುತ್ತದೆ. ಮರ ಹಿಂದಕ್ಕೆ ಕೂತರೆ ಕೊಯ್ದ ಸೀಳು ಮುಚ್ಚಿಕೊಳ್ಳುತ್ತದೆ, ಬ್ಲೇಡು ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ ಬೆಣೆ ಹೊಡೆಯುತ್ತಾನೆ. ಮುಂದಕ್ಕೆ ಹೊರಟರೆ ಸೀಳು ಕೂದಲೆಳೆಯಷ್ಟು ತೆರೆಯುತ್ತದೆ, ಒಳಗೆ ಚಟಚಟ ಶಬ್ದ ಬರುತ್ತದೆ. ಗರಗಸ ತೆಗೆದು ಓರೆಯಾಗಿ ಹಿಂದಕ್ಕೆ ಓಡುತ್ತಾನೆ. ಜೆಸಿಬಿ ಮರಕ್ಕೆ ಒತ್ತಿ ನಿಂತಿತು ಅಂದರೆ ಈ ಸುಳಿವೆಲ್ಲ ಹೋಯಿತು. ಸೀಳು ಯಾವಾಗಲೂ ತೆರೆದೇ ಇರುತ್ತದೆ. ಪಟ್ಟಿ ನಾಲ್ಕು ಇಂಚು ಇದ್ದರೂ ಹಾಗೇ, ಅರ್ಧ ಇಂಚು ಇದ್ದರೂ ಹಾಗೇ. ಬ್ಲೇಡು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿರುತ್ತದೆ. ಎಂಜಿನ್ ಸದ್ದಿನಲ್ಲಿ ಚಟಚಟವೂ ಕೇಳುವುದಿಲ್ಲ.

ಇನ್ನೊಂದು ಇದೆ. ಕೊಯ್ಯುವವನು ಆಗಾಗ ಮರವನ್ನು ಸುತ್ತಿ ಬಂದು ಆ ಕಡೆ ತುದಿ ಎಷ್ಟು ಉಳಿದಿದೆ ಅಂತ ನೋಡಬೇಕು. ನಮ್ಮಲ್ಲಿ ಬಲಗಡೆ ಪೂರ್ತಿ ಜೆಸಿಬಿಯ ಕಾಲು ಊರಿಕೊಂಡು ನಿಂತಿತ್ತು. ಮೇಸ್ತ್ರಿ ಎಡಗಡೆ ಮಾತ್ರ ನಿಲ್ಲಲು ಸಾಧ್ಯ. ಬ್ಲೇಡಿನ ಮೂತಿ ಬಲಗಡೆ ಎಲ್ಲಿದೆ ಅಂತ ಅವರಿಗೆ ಕಾಣುತ್ತಿರಲಿಲ್ಲ. ನನಗೂ ಕಾಣುತ್ತಿರಲಿಲ್ಲ. ಮೇಲೆ ಕೂತಿದ್ದ ಹುಡುಗನಿಗಂತೂ ಬುಡವೇ ಕಾಣುತ್ತಿರಲಿಲ್ಲ.

ಹುಡುಗ ಹಿಂದಿನ ಕೈ ಎತ್ತಿ 15 ಅಡಿಯಲ್ಲಿ ಬಕೆಟ್ ಒತ್ತಿದ. ಮರ ಅಲುಗಿತು, ಒಣ ರೆಂಬೆ ಉದುರಿತು, ಬೀಳಲಿಲ್ಲ. ಮೇಸ್ತ್ರಿ ಗರಗಸ ನಿಲ್ಲಿಸಿ ನನ್ನ ಮುಖ ನೋಡಿದರು. ಇಷ್ಟು ಸಾಕು, ಬೆಣೆ ಹೊಡೆಯೋಣ ಅಂತ ಅದರ ಅರ್ಥ. ನಾನು ಕೂಗಿದೆ, "ಜೆಸಿಬಿ ಹಿಡ್ಕೊಂಡಿದೆ, ಇನ್ನೊಂಚೂರು ಕೊಯ್ಯಿರಿ!"

ಆ ಮಾತೇ ತಪ್ಪು. ಜೆಸಿಬಿ ಏನನ್ನೂ ಹಿಡಿದುಕೊಂಡಿರಲಿಲ್ಲ. ಬಕೆಟ್ ಮರಕ್ಕೆ ತಾಗಿತ್ತು, ಅಷ್ಟೇ. ಹಿಡಿಯುವುದು ಅಂದರೆ ಎಲ್ಲ ಕಡೆಯಿಂದಲೂ ತಡೆಯಬೇಕು. ಬಕೆಟ್ ಒಂದು ಕಡೆಯಿಂದ ಒತ್ತುತ್ತದೆ. ಅದೂ ದುಂಡಗಿನ ಮರದ ನಡುವಿಗೆ ಸರಿಯಾಗಿ ಒತ್ತಿರುವುದಿಲ್ಲ, ಸ್ವಲ್ಪ ಆಚೆಈಚೆ ಇದ್ದೇ ಇರುತ್ತದೆ. ಬುಡದಲ್ಲಿ ಪಟ್ಟಿ ಗಟ್ಟಿ ಇರುವವರೆಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಿ ಹೋದ ತಕ್ಷಣ ಮರ ಬಕೆಟ್ ಸುತ್ತ ತಿರುಗುತ್ತದೆ. ಬಕೆಟ್ ಇದೆ ಅನ್ನೋ ಧೈರ್ಯದಲ್ಲೇ ಪಟ್ಟಿ ತೆಗೆಸಿದವನು ನಾನು. ಇಡೀ ಕೆಲಸದಲ್ಲಿ ನಂಬಬಹುದಾಗಿದ್ದ ಒಂದೇ ವಸ್ತುವನ್ನು ತೆಗೆಸಿ, ನಂಬಬಾರದ್ದನ್ನು ಇಟ್ಟುಕೊಂಡೆ.

ಮರ ಎಡಕ್ಕೆ ತಿರುಗಿತು. ತುದಿ ಲೈನ್ ಮೇಲೆ ಹೋಯಿತು. ಬುಡ ಕುತ್ತಿಯಿಂದ, ಅಂದರೆ ನೆಲದಲ್ಲಿ ಉಳಿದ ಮೋಟಿನಿಂದ, ಜಾರಿ ಹಿಂದಕ್ಕೆ ಒದೆಯಿತು. ಮೇಸ್ತ್ರಿ ಗರಗಸ ಬಿಸಾಡಿ ಓಡಿದರು, ಒಂದು ಕಾಲು ಹಿಂದೆ ಸಿಕ್ಕಿಬಿತ್ತು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದವು.

ಆಮೇಲೆ ಕುತ್ತಿ ನೋಡಿದೆ. ಎಡಗಡೆ ಮೂರು ಬೆರಳಗಲ ನಾರು ಕಿತ್ತು ಮೇಲೆದ್ದಿತ್ತು. ಬಲಗಡೆ ಕಚ್ಚಿನವರೆಗೂ ನುಣ್ಣಗೆ, ಒಂದು ನಾರೂ ಇಲ್ಲ. ಮರದ ಸಿಪ್ಪೆಯ ಮೇಲೆ ಬಕೆಟ್ ಹಲ್ಲು ಎಳೆದ ಗೀರು ಓರೆಯಾಗಿ ಸುತ್ತಿಕೊಂಡಿತ್ತು. ಗೊತ್ತಿರುವವರಿಗೆ ಇಷ್ಟು ನೋಡಿದರೆ ಏನಾಯಿತು ಅಂತ ಯಾರೂ ಹೇಳಬೇಕಾಗಿಲ್ಲ.

ಕಾಲಿಗೆ ರಾಡ್ ಹಾಕಿದರು. ಮರ ಮಾರಿದ ದುಡ್ಡು ಆಸ್ಪತ್ರೆಯ ಮೊದಲ ಬಿಲ್ಲಿಗೂ ಸಾಲಲಿಲ್ಲ. ಮೇಸ್ತ್ರಿ ಈಗ ನಮ್ಮಲ್ಲೇ ಮೆಣಸಿನ ಬಳ್ಳಿ ಕಟ್ಟಿಸುವ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಏಣಿ ಹತ್ತುವುದಿಲ್ಲ, ಗರಗಸ ಮುಟ್ಟುವುದಿಲ್ಲ. ಒಂದು ಸಲವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಕಾನೂನಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. "ಕಂಟ್ರಾಕ್ಟರ್ ಆಳು, ನನಗೇನು" ಅಂದುಕೊಳ್ಳಬೇಡಿ. ಹಿಂದೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು, ಈಗ ಅದರ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರಲ್ಲೂ ಕಂಟ್ರಾಕ್ಟರ್ ಕರೆತಂದವರಿಗೆ ಪೆಟ್ಟಾದರೂ ಕೆಲಸ ಮಾಡಿಸಿದವನೇ ಪರಿಹಾರ ಕೊಡಬೇಕಾಗಿ ಬರಬಹುದು. ವಿಮೆ ಇದೆಯಾ ಅಂತ ಮೊದಲೇ ಕೇಳಿ. ಸಿಲ್ವರ್ ಕಡಿಯಲು 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೂ ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಒಮ್ಮೆ ವಿಚಾರಿಸಿ.

ಇನ್ನು ನಿಮ್ಮ ಸ್ಕಿಡ್ಡರ್ ವಿಡಿಯೋ. ಅಂಥವು ನಾನೂ ಬೇಕಾದಷ್ಟು ನೋಡಿದ್ದೇನೆ, ಆದರೆ ಆ ಪೆಟ್ಟಾದ ಮೇಲೆ. ಸ್ಕಿಡ್ಡರ್ ಇರುವುದು ಕಡಿದು ಬಿದ್ದ ಮರವನ್ನು ಕಾಡಿನಿಂದ ರಸ್ತೆಗೆ ಎಳೆದು ತರಲು. ದುಬಾರೆಯ ಆನೆಗಳು ಹಿಂದೆ ಮಾಡುತ್ತಿದ್ದ ಕೆಲಸ. ಮುಂದೆ ಇರುವ ಬ್ಲೇಡು ದಿಮ್ಮಿ ಒಟ್ಟಲು, ದಾರಿ ಬಿಡಿಸಲು. ಅದರಲ್ಲಿ ನಿಂತ ಮರ ತಳ್ಳುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಕ್ಯಾಬಿನ್‌ಗೆ ಮೇಲಿಂದ ಬೀಳುವುದನ್ನು ತಡೆಯಲೆಂದೇ ಮಾಡಿದ ಉಕ್ಕಿನ ಚೌಕಟ್ಟು, ಜಾಲರಿ ಇರುತ್ತದೆ. ನಮ್ಮ ಜೆಸಿಬಿಯ ಗಾಜು ಒಂದು ಒಣ ರೆಂಬೆಗೆ ಸಾಕು. ಸಿಲ್ವರ್ ರೆಂಬೆ ಎಷ್ಟು ಸುಲಭಕ್ಕೆ ಮುರಿಯುತ್ತದೆ ಅಂತ ನಿಮಗೇ ಗೊತ್ತು. ಕೆಳಗಿನಿಂದ ಜರ್ಕ್ ಕೊಟ್ಟರೆ ತುದಿ ಬಳುಕಿ, ಮುರಿದದ್ದು ತಳ್ಳಿದವನ ತಲೆ ಮೇಲೇ ಬರುತ್ತದೆ.

ಅಮೆರಿಕದವರ ನಿಯಮ ಏನು ಹೇಳುತ್ತದೆ ನೋಡಿ. ಅಲ್ಲಿ ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಓಶಾ ಸಂಸ್ಥೆಯ ಮರ ಕಡಿತದ ನಿಯಮ ಇದೆ, ಸಂಖ್ಯೆ 1910.266. ಕೈಯಲ್ಲಿ ಮರ ಕಡಿಯುತ್ತಿರುವಾಗ ದಿಮ್ಮಿ ಎಳೆಯುವ ಯಂತ್ರ ಎರಡು ಮರದುದ್ದದ ಒಳಗೆ ಕೆಲಸ ಮಾಡುವಂತಿಲ್ಲ. 80 ಅಡಿ ಮರಕ್ಕೆ 160 ಅಡಿ. ಇದಕ್ಕೆ ಅವರು ಒಂದು ವಿನಾಯಿತಿ ಕೊಟ್ಟಿದ್ದಾರೆ, ಅದು ಮರ ಎಳೆಯುವ ಕೆಲಸಕ್ಕೆ. ತಳ್ಳುವ ಕೆಲಸಕ್ಕಲ್ಲ.

ನನ್ನ ಪ್ರಕಾರ ನಿಮ್ಮ ಪ್ರಶ್ನೆಯೇ ತಿರುಗುಮುರುಗಾಗಿದೆ. "ಯಾವ ಮಿಷನ್‌ನಿಂದ ತಳ್ಳಲಿ" ಅಂತ ಕೇಳುತ್ತಿದ್ದೀರಿ. ಮಿಷನ್ ಮರಕ್ಕೆ ಮುಟ್ಟಲೇಬಾರದು. ತಳ್ಳಬೇಕಾದರೆ ಮರ ವಾಲಿರುವ ಕಡೆಯೇ ನಿಲ್ಲಬೇಕು, ಅಂದರೆ ಕೆಟ್ಟರೆ ಬೀಳುವ ಜಾಗದಲ್ಲೇ. ಕೊಯ್ಯುವವನು ಮರಕ್ಕೂ ಮಿಷನ್‌ಗೂ ನಡುವೆ. ಇಷ್ಟೆಲ್ಲ ಮಾಡಿ ಸಿಗುವ ಬಲವಾದರೂ ಎಷ್ಟು? ಜೆಸಿಬಿ ಕೈ 15 ಅಡಿಗೆ ಒತ್ತುತ್ತದೆ. ಹಗ್ಗ 45 ಅಡಿಗೆ ಕಟ್ಟಿದರೆ ಅದರ ಸುಮಾರು ಮೂರನೇ ಒಂದು ಭಾಗ ಬಲದಲ್ಲಿ ಅದೇ ಕೆಲಸ ಆಗುತ್ತದೆ. ಏಳು ಟನ್ನಿನ ಗಾಡಿ ಗಿಡಗಳ ಮಧ್ಯೆ ನುಗ್ಗಿ ಬರುವುದೂ ತಪ್ಪುತ್ತದೆ. ಕಾಫಿ ಗಿಡ ಉಳಿಸಲು ಜೆಸಿಬಿ ಅನ್ನುವುದೇ ನನಗೆ ಅರ್ಥವಾಗದ ಮಾತು. ಮರ ಬಿದ್ದು ಮುರಿದ ಗಿಡ ಮತ್ತೆ ಚಿಗುರುತ್ತದೆ. ಟೈರ್ ಹತ್ತಿ ಗಟ್ಟಿಯಾದ ನೆಲದಲ್ಲಿ ಬೇರು ಇಳಿಯುವುದು ಕಷ್ಟ.

ಬುಡ ಬಿಡಿಸಿ ಬೇರು ಸಮೇತ ಉರುಳಿಸಿದರೆ ಹೇಗೆ ಅಂತಲೂ ಕೇಳಿದ್ದೀರಿ. ಬೇರಿನ ಗಡ್ಡೆ ಮೇಲೇಳುವುದು ತಳ್ಳುವ ಗಾಡಿಯ ಅಡಿಗೇ. ಇಳಿಜಾರಿನಲ್ಲಿ ಗಾಡಿಯನ್ನೇ ಎತ್ತಿ ಮಗುಚಬಹುದು. ಗುಂಡಿ ಮಳೆಗಾಲದಲ್ಲಿ ಕುಸಿಯುವುದು ಬೇರೆ.

ಈಗ ನಾವು ಮಾಡುವುದು ಹೀಗೆ. ಮೊದಲು ಮರ ಹತ್ತುವವರನ್ನು ಕರೆಸಿ, ಮರಗಸಿಗೆ, ಅಂದರೆ ನೆರಳು ಕಡಿಮೆ ಮಾಡಲು ರೆಂಬೆ ಸವರಲು, ಬರುತ್ತಾರಲ್ಲ ಅವರೇ, ರೆಂಬೆ ಎಲ್ಲ ಇಳಿಸುತ್ತೇವೆ. ವಾಲಿದ ಕಡೆಯ ಭಾರ ಅಲ್ಲೇ ಕಡಿಮೆಯಾಗುತ್ತದೆ. ಉಳಿದ ಕಂಬ ಎರಡು ಸಾಲಿನ ನಡುವೆ ಬೀಳುತ್ತದೆ. ಅವರೇ ಇಳಿಯುವಾಗ ಅರ್ಧಕ್ಕಿಂತ ಮೇಲೆ ಹಗ್ಗ ಕಟ್ಟಿ ಬರುತ್ತಾರೆ. ಹಗ್ಗ ಮರದ ಎತ್ತರದ ಎರಡರಷ್ಟಾದರೂ ಉದ್ದ ಇರಬೇಕು. ಎದುರಿನ ಗಟ್ಟಿ ಮರದ ಬುಡಕ್ಕೆ ಕಪ್ಪಿ (ರಾಟೆ) ಕಟ್ಟಿ, ಹಗ್ಗವನ್ನು ಅದರಲ್ಲಿ ಹಾಯಿಸಿ ಪಕ್ಕಕ್ಕೆ ತಿರುಗಿಸುತ್ತೇವೆ. ಎಳೆಯುವವರು ಮರ ಬೀಳುವ ದಾರಿಯಲ್ಲಿ ಇರುವುದೇ ಇಲ್ಲ. ಕೈಯಲ್ಲೇ ಹಗ್ಗ ಎಳೆದು ಬಿಗಿ ಮಾಡುವ ವಿಂಚ್ ಸಾಕು. ಟ್ರ್ಯಾಕ್ಟರ್ ಆದರೆ ಹಗ್ಗ ಕೆಳಗಿನ ಡ್ರಾಬಾರ್‌ಗೇ, ಅಂದರೆ ಟ್ರೇಲರ್ ಸಿಕ್ಕಿಸುವ ಕಬ್ಬಿಣಕ್ಕೇ, ಕಟ್ಟಿ. ಮೇಲೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ.

ಮೊದಲು ಹಗ್ಗದ ಸಡಿಲ ತೆಗೆಯುವಷ್ಟು ಮಾತ್ರ ಬಿಗಿ ಮಾಡಬೇಕು. ಪಟ್ಟಿ ದಪ್ಪ ಇರುವಾಗಲೇ ಜೋರಾಗಿ ಎಳೆದರೆ ಮರ ಬುಡದಿಂದ ಮೇಲಕ್ಕೆ ಸೀಳಿಕೊಂಡು ಕೊಯ್ಯುವವನ ಎದೆಗೆ ಬರುತ್ತದೆ. ತಳ್ಳುವಾಗಲೂ ಈ ಅಪಾಯ ಇದ್ದೇ ಇದೆ. ಕಚ್ಚು ತೆಗೆದು, ಹಿಂದಿನಿಂದ ಕೊಯ್ದು, ಪಟ್ಟಿ ಉಳಿಸಿ, ಸೀಳಿಗೆ ಬೆಣೆ ಇಟ್ಟು ಕೊಯ್ಯುವವನು ದೂರ ಬರಬೇಕು. ಅವನು ಬಂದು ಕೈ ಎತ್ತಿದ ಮೇಲೆ ಎಳೆಯಬೇಕು. ಗರಗಸ ಓಡುತ್ತಿರುವಾಗ ಯಾರೂ ಜೋರಾಗಿ ಎಳೆಯುವಂತಿಲ್ಲ, ಎಳೆಯುವಾಗ ಯಾರೂ ಕೊಯ್ಯುವಂತಿಲ್ಲ. ಬಿಗಿ ಹಗ್ಗದ ನೇರಕ್ಕೂ ನಿಲ್ಲಬೇಡಿ, ಕಿತ್ತರೆ ಕಣ್ಣು ಹೋಗುತ್ತದೆ. ಕೊಯ್ಯುವವರಿಗೆ "ಇನ್ನೊಂಚೂರು" ಅಂತ ಹೇಳುವ ಅಧಿಕಾರ ತೋಟದ ಮಾಲೀಕನಿಗೆ ನಮ್ಮಲ್ಲಿ ಈಗ ಇಲ್ಲ. ನಾನು ಕಣದಲ್ಲಿ ಕೂತಿರುತ್ತೇನೆ.

ಜೆಸಿಬಿಗೆ ಕೆಲಸ ಬೇಕೇ ಬೇಕು ಅಂದರೆ, ಬೇರೆ ಮರಕ್ಕೆ ಸಿಕ್ಕಿಕೊಂಡು ಅರ್ಧಕ್ಕೆ ನಿಂತ ಮರ ಇರುತ್ತದಲ್ಲ, ಅದರ ಬುಡಕ್ಕೆ ಉದ್ದದ ಹಗ್ಗ ಕಟ್ಟಿ ದೂರದಿಂದ ಎಳೆಸಿ. ಅದರ ಕೆಳಗೆ ಆಳು ಹೋಗುವುದಕ್ಕಿಂತ ಅದು ಎಷ್ಟೋ ವಾಸಿ.

ನಿಮ್ಮ ಮೂರರಲ್ಲಿ ಲೈನ್ ಪಕ್ಕದ ಮರಕ್ಕೆ ಹಗ್ಗವೂ ಬೇಡ. ವಿದ್ಯುತ್ ಕಂಪನಿ ಸೆಸ್ಕ್‌ಗೆ ಹೇಳಿ ಕರೆಂಟ್ ತೆಗೆಸಿ, ಮೇಲಿಂದ ತುಂಡು ತುಂಡಾಗಿ ಇಳಿಸಿ. ದುಡ್ಡು ಜಾಸ್ತಿ ಕೇಳುತ್ತಾರೆ, ಕೊಡಿ. ಉಳಿದ ಎರಡಕ್ಕೆ ಹಗ್ಗ, ಕಪ್ಪಿ ಸಾಕು. ಕೆರೆ ಕೆಲಸ ಮುಗಿದ ದಿನವೇ ಜೆಸಿಬಿ ಕಳಿಸಿಬಿಡಿ, ಗೇಟಿನಲ್ಲಿ ನಿಂತಿದ್ದರೆ ಯಾರಿಗಾದರೂ ಆಸೆ ಹುಟ್ಟುತ್ತದೆ.