ಚಪ್ಪಾಳೆ, ಫೋನು, ಕೆಮ್ಮು: ಕಛೇರಿಗೆ ಹೋಗುವವರ ಪ್ರಶ್ನೆಗಳು

ಪ್ರಶ್ನೆ: ಮೊದಲ ಬಾರಿಗೆ ಸಿಂಫನಿ (ದೊಡ್ಡ ವಾದ್ಯವೃಂದ ನುಡಿಸುವ, ಹಲವು ಭಾಗಗಳ ಪಾಶ್ಚಾತ್ಯ ಸಂಗೀತ ಕೃತಿ) ಕಛೇರಿಯೊಂದಕ್ಕೆ ಹೋಗಿದ್ದೆ. ಮೊದಲ ಭಾಗ ಅಬ್ಬರದಿಂದ ನಿಂತಾಗ ಕೃತಿಯೇ ಮುಗಿಯಿತೆಂದು ತಿಳಿದು ಚಪ್ಪಾಳೆ ತಟ್ಟಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಅದು ಅಷ್ಟು ದೊಡ್ಡ ತಪ್ಪೇ?

ಉತ್ತರ: ತಪ್ಪೆನ್ನುವುದಕ್ಕಿಂತ ಈಗಿನ ರೂಢಿಗೆ ಹೊಂದಲಿಲ್ಲ ಎನ್ನಬಹುದು. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಹೊಸ ಸಿಂಫನಿಯ ಮೊದಲ ಭಾಗದ ನಡುವೆಯೇ ಜನ ಚಪ್ಪಾಳೆ ತಟ್ಟಿದ್ದನ್ನು ಮೊಜಾರ್ಟ್ ತಂದೆಗೆ ಬರೆದ ಪತ್ರದಲ್ಲಿ ಸಂತೋಷದಿಂದಲೇ ಹೇಳಿಕೊಂಡಿದ್ದಾನೆ. 1813ರಲ್ಲಿ ವಿಯೆನ್ನಾದಲ್ಲಿ ಬೀಥೋವನ್‌ನ ಏಳನೆಯ ಸಿಂಫನಿ ಮೊದಲು ಕೇಳಿಬಂದಾಗ ಶ್ರೋತೃಗಳು ಎರಡನೆಯ ಭಾಗವನ್ನು ಮತ್ತೊಮ್ಮೆ ನುಡಿಸುವಂತೆ ಮಾಡಿದ್ದರು. ಭಾಗಗಳ ನಡುವೆ ಮೌನವಾಗಿರುವ ಪದ್ಧತಿ ಆಮೇಲೆ ಬೆಳೆದು, ಇಪ್ಪತ್ತನೆಯ ಶತಮಾನದಲ್ಲಷ್ಟೇ ಗಟ್ಟಿಯಾಯಿತು. ಇತಿಹಾಸ ನಿಮ್ಮ ಪರವಾಗಿದೆಯೆಂದು ಪಕ್ಕದವರೊಡನೆ ವಾದಿಸಿ ಪ್ರಯೋಜನವಿಲ್ಲ. ಅವರು ಆ ಮೌನವನ್ನು ನಿರೀಕ್ಷಿಸಿಯೇ ಬಂದಿರುತ್ತಾರೆ.

ಆದ್ದರಿಂದ ಕೃತಿಯಲ್ಲಿ ಎಷ್ಟು ಭಾಗಗಳಿವೆಯೆಂದು ಕಾರ್ಯಕ್ರಮ ಪತ್ರಿಕೆಯಲ್ಲಿ ಮೊದಲೇ ನೋಡಿಕೊಳ್ಳಿ. ಅದಕ್ಕಿಂತ ನಂಬಿಕೆಯ ಗುರುತು ವಾದ್ಯವೃಂದದ ನಿರ್ದೇಶಕರ ಕೈಗಳು: ಧ್ವನಿ ನಿಂತರೂ ಅವು ಮೇಲೆಯೇ ಇದ್ದರೆ ಸಂಗೀತ ಇನ್ನೂ ಮುಗಿದಿಲ್ಲ, ಅವರು ಕೈ ಇಳಿಸಿ ಸಭೆಯತ್ತ ತಿರುಗಿದ ಮೇಲೆ ಯಾವ ಸಂಶಯವೂ ಬೇಡ. ಚೈಕೋವ್‌ಸ್ಕಿಯ ಆರನೆಯ ಸಿಂಫನಿಯ ಮೂರನೆಯ ಭಾಗ ಎಂಥ ಆರ್ಭಟದಿಂದ ಮುಗಿಯುತ್ತದೆಯೆಂದರೆ, ಪಳಗಿದ ಕೇಳುಗರೂ ಅಲ್ಲಿ ಎಡವುತ್ತಾರೆ. ಇನ್ನು ಜಾಜ್ ಕಛೇರಿಯಲ್ಲಿ ಲೆಕ್ಕವೇ ಬೇರೆ: ಅಲ್ಲಿ ಒಬ್ಬೊಬ್ಬರ ಒಂಟಿ ವಾದನ ಮುಗಿದಾಗಲೂ ಚಪ್ಪಾಳೆ ತಟ್ಟುವುದೇ ವಾಡಿಕೆ.

ಪ್ರಶ್ನೆ: ಫೋನನ್ನು ಸೈಲೆಂಟ್‌ನಲ್ಲಿಟ್ಟರೆ ಸಾಲದೇ?

ಉತ್ತರ: ಸಾಲದು. 2012ರ ಜನವರಿಯಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದ ಮಾಹ್ಲರ್‌ನ ಒಂಬತ್ತನೆಯ ಸಿಂಫನಿಯ ಕೊನೆಯ ಪುಟಗಳನ್ನು, ಅಂದರೆ ತಂತಿವಾದ್ಯಗಳ ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣದಾಗುವ ಭಾಗವನ್ನು, ನುಡಿಸುತ್ತಿದ್ದಾಗ ಮುಂದಿನ ಸಾಲಿನಲ್ಲಿ ಫೋನೊಂದು ಬಿಡದೆ ಮೊಳಗತೊಡಗಿತು. ನಿರ್ದೇಶಕ ಅಲನ್ ಗಿಲ್ಬರ್ಟ್ ವಾದನವನ್ನೇ ನಿಲ್ಲಿಸಿ, ಅದು ಅಡಗಿದ ಮೇಲೆ ಮುಂದುವರಿಸಬೇಕಾಯಿತು. ಆ ಫೋನು ಸೈಲೆಂಟ್‌ನಲ್ಲಿಯೇ ಇತ್ತು, ಮೊಳಗಿದ್ದು ಅಲಾರಂ. ಫೋನನ್ನು ಪೂರ್ತಿ ಆಫ್ ಮಾಡಿಬಿಡಿ. ವಿಡಿಯೋ ಚಿತ್ರೀಕರಣದ ವಿಷಯದಲ್ಲಿ ಆಯೋಜಕರು ಹೇಳಿದ್ದೇ ಅಂತಿಮ. ಅವರು ಒಪ್ಪಿದರೂ ತಲೆಯ ಮೇಲೆ ಎತ್ತಿಹಿಡಿದ ಪರದೆ ಹಿಂದಿನ ಸಾಲಿನವರಿಗೆ ವೇದಿಕೆಯನ್ನೇ ಮರೆಮಾಡುತ್ತದೆ ಎಂಬುದು ನೆನಪಿರಲಿ. ಎಲ್ಲರೂ ಎದ್ದು ಹಾಡುವ ರಾಕ್ ಕಾರ್ಯಕ್ರಮದಲ್ಲಿಯೂ ಈ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ನನಗೆ ಆಗಾಗ ಕೆಮ್ಮು ಬರುತ್ತದೆ. ಕಛೇರಿಗೆ ಹೋಗುವುದನ್ನೇ ಬಿಡಬೇಕೇ?

ಉತ್ತರ: ಖಂಡಿತ ಬೇಡ. ಬಾಯಿಗೆ ಕರವಸ್ತ್ರ ಒತ್ತಿಕೊಂಡರೆ ಸದ್ದು ಬಹಳ ಮಟ್ಟಿಗೆ ತಗ್ಗುತ್ತದೆ. ಕೆಮ್ಮಿನ ಮಿಠಾಯಿಯ ಕಾಗದವನ್ನು ಕಾರ್ಯಕ್ರಮ ಆರಂಭವಾಗುವ ಮೊದಲೇ ಬಿಚ್ಚಿಟ್ಟುಕೊಳ್ಳಿ. ನಡುವೆ ಮೆಲ್ಲಗೆ ಬಿಚ್ಚಿದರೆ ಪರಪರ ಸದ್ದು ಕಡಿಮೆಯಾಗುವುದಿಲ್ಲ, ಇನ್ನಷ್ಟು ಹೊತ್ತು ಕೇಳಿಸುತ್ತದೆ. ಸಾಲಿನ ತುದಿಯ ಆಸನವನ್ನೇ ಕಾಯ್ದಿರಿಸಿಕೊಂಡರೆ, ಕೆಮ್ಮು ನಿಲ್ಲದಿದ್ದಾಗ ಯಾರ ಮೊಣಕಾಲನ್ನೂ ದಾಟದೆ ಹೊರಗೆ ಹೋಗಬಹುದು. ಮತ್ತೆ ಒಳಗೆ ಬರುವುದು ಮಾತ್ರ ಕೃತಿಯೊಂದು ಮುಗಿದ ಮೇಲೆ.