ತೋಟದ ಡ್ರಮ್ಮಿನಿಂದ ಶುರು ಮಾಡಿ

ನಮಸ್ಕಾರ.

ಗೋಣಿಕೊಪ್ಪದಿಂದ ನೀವು ಕಳಿಸಿದ ‘ಆಮ್ಲ, ಪ್ರತ್ಯಾಮ್ಲ ಮತ್ತು ತಟಸ್ಥೀಕರಣ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ, ಇನ್ನೊಮ್ಮೆ ಬರೆಯಿರಿ.

ಮೊದಲ ಎರಡು ಪುಟಗಳಲ್ಲಿ ಬರೀ ವ್ಯಾಖ್ಯೆಗಳೇ ಇವೆ. ಅರೇನಿಯಸ್ ಹೇಳಿದ್ದು, 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಹೇಳಿದ್ದು, ಲಿಟ್ಮಸ್ಸಿನ ಬಣ್ಣ. ತಪ್ಪೇನಿಲ್ಲ. ಆದರೆ ಇವೆಲ್ಲ ಶಾಲೆಯ ಪುಸ್ತಕದಲ್ಲೇ ಸಿಗುತ್ತವೆ ಅಲ್ವಾ? ನಿಮ್ಮಿಂದ ಮಾತ್ರ ಸಿಗುವ ಸಾಲು, ಬೂಷ್ಟು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ, ನಾಲ್ಕನೇ ಪುಟದಲ್ಲಿದೆ: ‘ಬೋರ್ಡೋ ಮಾಡುವಾಗ ಅಪ್ಪ ಕತ್ತಿ ಅದ್ದಿ ನೋಡುತ್ತಾರೆ.’ ಅಷ್ಟು ಹೇಳಿ ನೀವು ಸೋಪಿನ ವಿಷಯಕ್ಕೆ ಹೋಗಿಬಿಟ್ಟಿರಿ! ನನಗೆ ನಿಜಕ್ಕೂ ಬೇಜಾರಾಯಿತು.

ಅಲ್ಲೇ ನಿಲ್ಲಬೇಕಿತ್ತು. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ. ಮೈಲುತುತ್ತು ಕರಗಿಸಿದ ನೀರು ಆಮ್ಲೀಯ. ಅದನ್ನು ಹಾಗೇ ಹೊಡೆದರೆ ಮೆಣಸಿನ ಬಳ್ಳಿಯ ಎಲೆ ಸುಟ್ಟುಹೋಗುತ್ತದೆ. ಸುಣ್ಣ ಪ್ರತ್ಯಾಮ್ಲ. ಎರಡೂ ಸೇರಿದಾಗ ಆಮ್ಲದ ಗುಣ ಕಳೆಯುತ್ತದೆ. ಕರಗಿದ್ದ ತಾಮ್ರ ನೀಲಿ ಗಸಿಯಾಗಿ ಹೊರಬರುತ್ತದೆ. ಸುಣ್ಣ ಸಾಲದೆ ಹೋದರೆ ಒಂದಷ್ಟು ತಾಮ್ರ ನೀರಿನಲ್ಲೇ ಕರಗಿ ಉಳಿಯುತ್ತದೆ. ಆಗ ಕಬ್ಬಿಣದ ಕತ್ತಿ ಅದ್ದಿದರೆ ಅದರ ಮೇಲೆ ಕೆಂಪಗೆ ತಾಮ್ರ ಹತ್ತುತ್ತದೆ. ಇನ್ನಷ್ಟು ಸುಣ್ಣ ಬೇಕು ಅಂತ ನಿಮ್ಮ ತಂದೆಗೆ ಗೊತ್ತಾಗುವುದು ಹೀಗೆ. ಬೋರ್ಡೋವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಯಾಕೆ ಕಲಸಬಾರದು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಇದನ್ನೆಲ್ಲ ನಿಧಾನವಾಗಿ, ಅವರನ್ನು ಕೇಳಿಕೊಂಡು ಬರೆಯಿರಿ.

ಇನ್ನು ತಪ್ಪುಗಳು. ತಟಸ್ಥೀಕರಣ ಆದ ಮೇಲೆ ಪಿಎಚ್ (ಆಮ್ಲೀಯತೆಯ ಅಳತೆ; 7 ಅಂದರೆ ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲೀಯ) ಯಾವಾಗಲೂ 7 ಅಂದಿದ್ದೀರಿ. ಹಾಗಲ್ಲ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸರಿಸಮ ಕಾಸ್ಟಿಕ್ ಸೋಡಾ ಸೇರಿಸಿದರೆ ಸುಮಾರು 7 ಬರುತ್ತದೆ, ನಿಜ. ವಿನೆಗರಿನ ಅಸಿಟಿಕ್ ಆಮ್ಲ ದುರ್ಬಲ. ಅದಕ್ಕೆ ಸರಿಸಮ ಕಾಸ್ಟಿಕ್ ಸೋಡಾ ಸೇರಿಸಿದರೆ ಪಿಎಚ್ 7ಕ್ಕಿಂತ ಮೇಲೆ ನಿಲ್ಲುತ್ತದೆ. ನಮ್ಮ ಕೊಡಗಿನ ಅಡುಗೆಯ ಹುಳಿ ಕಾಚಂಪುಳಿಯಲ್ಲಿ ಮುಖ್ಯವಾಗಿ ಇರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ನಿಂಬೆಯ ಸಿಟ್ರಿಕ್ ಆಮ್ಲವೇ ಅಂತ ಬರೆದಿದ್ದೀರಿ, ತಿದ್ದಿ. ಮಣ್ಣಿನ ಪಿಎಚ್ 6ರಿಂದ 5ಕ್ಕೆ ‘ಸ್ವಲ್ಪ’ ಇಳಿಯುತ್ತದೆ ಅನ್ನುವುದೂ ಸರಿಯಲ್ಲ. ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಜಾಸ್ತಿ. ನಮ್ಮ ಜೋರು ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಕೊಂಡು ಹೋಗುತ್ತದೆ, ಮಣ್ಣು ಆಮ್ಲೀಯವಾಗುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ. ಈ ಕಾರಣ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಒಂದು ಸಾಲನ್ನಂತೂ ತೆಗೆಯಲೇಬೇಕು. ‘ಕೈಗೆ ಆಸಿಡ್ ಬಿದ್ದರೆ ಸುಣ್ಣದ ನೀರು ಹಾಕಿ, ತಟಸ್ಥವಾಗುತ್ತದೆ.’ ಖಂಡಿತ ಬೇಡ. ಆಮ್ಲ, ಪ್ರತ್ಯಾಮ್ಲ ಸೇರುವಾಗ ಬಿಸಿ ಹುಟ್ಟುತ್ತದೆ. ಗಾಯ ಇನ್ನೂ ಆಳವಾಗಬಹುದು. ಸುಣ್ಣವೂ ಚರ್ಮವನ್ನು ಸುಡುವಂಥದ್ದೇ. ತಕ್ಷಣ ಹರಿಯುವ ನೀರಿನ ಕೆಳಗೆ ಕನಿಷ್ಠ 20 ನಿಮಿಷ ಕೈ ಹಿಡಿದು, ಆಮೇಲೆ ಡಾಕ್ಟರ ಹತ್ತಿರ ಹೋಗಬೇಕು. ಓದಿದವರು ನಂಬಿ ಹಾಗೇ ಮಾಡುತ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಭಾಷೆ ಚೆನ್ನಾಗಿದೆ, ಸುಮ್ನೆ ಹೊಗಳುತ್ತಿಲ್ಲ. ವ್ಯಾಖ್ಯೆಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ. ಒಟ್ಟು 800 ಪದ ಸಾಕು. ಕತ್ತಿಯ ಫೋಟೊ ಸಿಕ್ಕಿದರೆ ಜೊತೆಗೆ ಕಳಿಸಿ. ಮಳೆಗೆ ಮುಂಚಿನ ಬೋರ್ಡೋ ಸಿಂಪಡಣೆ ಶುರುವಾಗುವ ಹೊತ್ತಿಗೆ ಇದು ತೋಟದವರ ಕೈ ಸೇರಬೇಕು ಅನ್ನುವುದು ನನ್ನ ಆಸೆ. ಹಾಗಾಗಿ ಏಪ್ರಿಲ್ ಮುಗಿಯುವುದರೊಳಗೆ ತಿದ್ದಿದ ಪ್ರತಿ ನನಗೆ ಬರಲಿ.

ಸಂಪಾದಕ