ಹಲ್ಲಿನ ಚಿಕಿತ್ಸೆಗೆ ಇಎಸ್‌ಐ ಒಳ್ಳೆಯದೋ, ಕಂಪನಿಯ ವಿಮೆಯೋ?

ಮನೆಯಲ್ಲಿ ಪತ್ನಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ), ನಿಮಗೆ ಕಂಪನಿಯ ಆರೋಗ್ಯ ವಿಮೆ ಇದ್ದು, ಹಲ್ಲಿನ ಚಿಕಿತ್ಸೆಯ ಮಟ್ಟಿಗೆ ಜನ ಯಾವುದರಲ್ಲಿ ಹೆಚ್ಚು ತೃಪ್ತರಾಗಿದ್ದಾರೆ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಖಾಸಗಿ ದಂತ ಚಿಕಿತ್ಸಾಲಯವೊಂದರ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನನ್ನ ಅನುಭವದಲ್ಲಿ ತೃಪ್ತಿ ಕೆಡುವುದು ಚಿಕಿತ್ಸೆಯ ಕುರ್ಚಿಯಲ್ಲಿ ಅಲ್ಲ, ಕೌಂಟರಿನ ಮುಂದೆ.

ಸಾಮಾನ್ಯ ಮೆಡಿಕ್ಲೇಮ್ ಪಾಲಿಸಿಗಳು, ಅಪಘಾತದಿಂದ ಪೆಟ್ಟಾಗಿ ಆಸ್ಪತ್ರೆಗೆ ದಾಖಲಾಗಬೇಕಾದ ಸಂದರ್ಭವನ್ನು ಬಿಟ್ಟರೆ, ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುತ್ತವೆ. ಕೆಲವು ಕಂಪನಿಗಳ ಗುಂಪು ವಿಮೆಯಲ್ಲಿ ಹೊರರೋಗಿ ಸೌಲಭ್ಯವಿದ್ದು ಹಲ್ಲಿಗೂ ಅನ್ವಯಿಸುತ್ತದೆಯಾದರೂ, ಅದಕ್ಕೆ ಪ್ರತ್ಯೇಕ ಮಿತಿ ಇರುತ್ತದೆ. ರೂಟ್ ಕೆನಾಲ್ ಮುಗಿಸಿಕೊಂಡು ನೆಮ್ಮದಿಯಿಂದ ಹೊರಬಂದವರು, ಆ ಹಲ್ಲಿನ ಮೇಲೆ ಕೂರಿಸಬೇಕಾದ ಕ್ಯಾಪ್‌ಗೆ ಬೇರೆಯೇ ಬಿಲ್ ಇದೆ, ಮಿತಿ ಈಗಾಗಲೇ ತೀರಿದೆ ಎಂದು ತಿಳಿದ ಕ್ಷಣದಲ್ಲಿ, ಅದೇ ವೈದ್ಯರನ್ನು ದೂರಲು ಶುರುಮಾಡುತ್ತಾರೆ. ವೈದ್ಯರ ಕೈಚಳಕ ಮಾತ್ರ ಅಲ್ಲಿ ಬದಲಾಗಿರುವುದಿಲ್ಲ.

ಇಎಸ್‌ಐ ವಿಷಯ ಬೇರೆ. ತಿಂಗಳ ವೇತನ 21,000 ರೂಪಾಯಿವರೆಗಿನ ನೌಕರರಿಗೆ ಅನ್ವಯಿಸುವ ಈ ಯೋಜನೆಗೆ ನೌಕರರು ವೇತನದ ಶೇ. 0.75, ಮಾಲೀಕರು ಶೇ. 3.25 ಕಟ್ಟುತ್ತಾರೆ, ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣ ಕೊಡಬೇಕಿಲ್ಲವಾದ್ದರಿಂದ ಬಿಲ್ಲಿನ ಆಘಾತವೂ ಇಲ್ಲ. ಅಲ್ಲಿ ಸೋರುವುದು ಸಮಯ: ರೂಟ್ ಕೆನಾಲ್‌ಗೆ ಹಲವು ಸಲ ಹೋಗಬೇಕಾಗುತ್ತದೆ, ಪ್ರತಿ ಸಲವೂ ಸರದಿ, ಪ್ರತಿ ಸಲವೂ ಅರ್ಧ ದಿನದ ರಜೆ. ಹೀಗಾಗಿ "ಕಿತ್ತುಬಿಡಿ ಸಾಕು" ಎಂದು ರೋಗಿಯೇ ಕೇಳುವುದುಂಟು. ಇದನ್ನು ನನಗೆ ಹೇಳಿದವರು ಅಲ್ಲಿಂದ ಬಿಟ್ಟುಬಂದವರೇ. ಉಳಿದುಕೊಂಡ ತೃಪ್ತರು ನಮ್ಮ ಬಾಗಿಲಿಗೆ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಯುಷ್ಮಾನ್ ಭಾರತ್ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗಾಗಿ ಇರುವುದರಿಂದ, ಹುಳುಕು ತುಂಬಿಸುವಂಥ ದಿನನಿತ್ಯದ ಕೆಲಸಕ್ಕೆ ಅದನ್ನು ನಂಬಿ ಕೂರಬೇಡಿ.

ಇಎಸ್‌ಐಯಲ್ಲಿ ಕುಟುಂಬವೆಂದರೆ ಸಂಗಾತಿಯೂ ಸೇರುವುದರಿಂದ, ಪತ್ನಿಯ ಕಾರ್ಡಿನಲ್ಲಿ ನಿಮ್ಮ ಹೆಸರಿದೆಯೇ ಎಂದು ಮೊದಲು ನೋಡಿ. ಹಲವು ಸಲ ಹೋಗಿಬರಲು ಬಿಡುವಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಕಂಪನಿಯ ವಿಮೆಯನ್ನೇ ಬಳಸುವುದಾದರೆ, ಚಿಕಿತ್ಸೆಗೆ ಮುನ್ನ ಕ್ಯಾಪ್, ಎಕ್ಸ್‌ರೇ ಎಲ್ಲವೂ ಸೇರಿದ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಪಡೆದು, ಅದರಲ್ಲಿ ಎಷ್ಟು ಮಂಜೂರಾಗುತ್ತದೆ ಎಂದು ವಿಮೆಯವರನ್ನು ಇಮೇಲ್‌ನಲ್ಲೇ ಕೇಳಿ.